ಮಗುವಿನ ಮಾತು ಬದಲಾಗುವಷ್ಟರಲ್ಲಿ

ಚೆನ್ನೈನ ಜಾರ್ಜ್ ಟೌನಿನ ಅಂಚಿನಲ್ಲಿ ಕೆಂಪು ಗುಮ್ಮಟಗಳ ಹೈಕೋರ್ಟ್ ಕಟ್ಟಡ 1892ರಿಂದ ನಿಂತಿದೆ. 1913ರ ಬೇಸಿಗೆಗೆ ಮುನ್ನ ಅಲ್ಲಿ ಒಬ್ಬ ತಂದೆ, ತಾನೇ ಕೈಯಾರೆ ಒಪ್ಪಿಸಿದ್ದ ಇಬ್ಬರು ಗಂಡುಮಕ್ಕಳನ್ನು ಮರಳಿ ಕೊಡಿಸಿ ಎಂದು ಕೇಳುತ್ತ ನಿಂತಿದ್ದರು. ಮದನಪಲ್ಲಿ ಕಡೆಯ ತೆಲುಗು ಬ್ರಾಹ್ಮಣರು, ಸರ್ಕಾರಿ ನೌಕರಿಯಿಂದ ನಿವೃತ್ತರು, ಹೆಸರು ಜಿಡ್ಡು ನಾರಾಯಣಯ್ಯ. ಅವರ ಪರ ವಕೀಲರು ಸಿ. ಪಿ. ರಾಮಸ್ವಾಮಿ ಅಯ್ಯರ್. ಎದುರು ಪಕ್ಷದಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್. ಆಕೆ ವಕೀಲರನ್ನು ಇಟ್ಟುಕೊಳ್ಳದೆ ತಮ್ಮ ವಾದವನ್ನು ತಾವೇ ಮಂಡಿಸಿದರು. ಜಗಳದ ನಡುವಿದ್ದ ಹುಡುಗರಿಬ್ಬರೂ ಆಗ ಮದ್ರಾಸಿನಲ್ಲಿ ಇರಲಿಲ್ಲ, ಇಂಗ್ಲೆಂಡಿನಲ್ಲಿದ್ದರು. ದೊಡ್ಡವನು ಕೃಷ್ಣಮೂರ್ತಿ, ಚಿಕ್ಕವನು ನಿತ್ಯಾನಂದ.

ಹೆತ್ತವರಿಗೂ ಸಾಕಿದವರಿಗೂ ನಡುವೆ ಮಗುವಿಗಾಗಿ ನಡೆಯುವ ಹೋರಾಟದ ಬಗ್ಗೆ ಬರೆಯಹೊರಟಾಗ ನಾನು ಮತ್ತೆ ಮತ್ತೆ ಈ ಮೊಕದ್ದಮೆಗೇ ಮರಳಿ ಬಂದೆ. ಇದು ದತ್ತಕದ ವ್ಯಾಜ್ಯವಲ್ಲ. ಬೆಸೆಂಟ್ ಆ ಹುಡುಗರನ್ನು ದತ್ತು ಪಡೆದಿರಲಿಲ್ಲ. ಆದರೂ ಮುಂದಿನ ನೂರು ವರ್ಷಗಳಲ್ಲಿ ಇಂಥ ವ್ಯಾಜ್ಯಗಳಲ್ಲಿ ಎದ್ದ ಪ್ರಶ್ನೆಗಳೆಲ್ಲ ಇದರಲ್ಲಿ ಆಗಲೇ ಎದ್ದಿದ್ದವು. ಕೊಟ್ಟದ್ದನ್ನು ಹಿಂದಕ್ಕೆ ಕೇಳಬಹುದೇ? ಬಡತನದಲ್ಲಿ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? ಸಾಕಿದ ಕೈಗೆ ಹಕ್ಕು ಹುಟ್ಟುವುದು ಎಷ್ಟು ದಿನಕ್ಕೆ? ಮಗುವನ್ನು ಯಾರು, ಯಾವಾಗ ಕೇಳಬೇಕು?

ನಾರಾಯಣಯ್ಯನವರ ಹೆಂಡತಿ ಸಂಜೀವಮ್ಮ 1905ರಲ್ಲಿ ತೀರಿಕೊಂಡಿದ್ದರು. 1909ರ ಆರಂಭದಲ್ಲಿ ಅವರು ಮಕ್ಕಳನ್ನು ಕಟ್ಟಿಕೊಂಡು ಅಡ್ಯಾರಿಗೆ, ಥಿಯಾಸಾಫಿಕಲ್ ಸೊಸೈಟಿಯ ಕೆಲಸಕ್ಕೆ ಬಂದರು. ಅದೇ ವರ್ಷ ಅಡ್ಯಾರ್ ನದಿ ಕಡಲು ಸೇರುವಲ್ಲಿನ ಮರಳ ದಂಡೆಯಲ್ಲಿ ಸೊಸೈಟಿಯ ಮುಖಂಡ ಸಿ. ಡಬ್ಲ್ಯು. ಲೆಡ್‌ಬೀಟರ್ ಕೃಷ್ಣಮೂರ್ತಿಯನ್ನು ಕಂಡು, ಇವನು ಜಗದ್ಗುರುವಿನ ವಾಹನವಾಗಬಲ್ಲವನು ಎಂದರು. ತಾಯಿಯಿಲ್ಲದ, ಬಡಕಲು ಮೈಯ, ಶಾಲೆಯಲ್ಲಿ ಪೆಟ್ಟು ತಿನ್ನುತ್ತಿದ್ದ ಹುಡುಗ ಒಮ್ಮೆಗೇ ಸೊಸೈಟಿಯ ಕಣ್ಮಣಿಯಾದ. 1910ರ ಮಾರ್ಚ್ 6ರಂದು ನಾರಾಯಣಯ್ಯ ಒಂದು ಪತ್ರಕ್ಕೆ ಸಹಿ ಹಾಕಿ ಇಬ್ಬರು ಮಕ್ಕಳ ಪೋಷಕತ್ವವನ್ನು ಬೆಸೆಂಟರಿಗೆ ಒಪ್ಪಿಸಿದರು. ಆ ಸಹಿ ಹಾಕಿದ ಮನುಷ್ಯ ಸೊಸೈಟಿಯ ಕೆಲಸದಲ್ಲಿದ್ದವರು, ಸೊಸೈಟಿ ಕೊಟ್ಟ ಸೂರಿನಡಿ ಬದುಕುತ್ತಿದ್ದವರು, ಬೆಸೆಂಟರನ್ನು ಗುರುಸ್ಥಾನದಲ್ಲಿಟ್ಟವರು. ಇಷ್ಟೆಲ್ಲ ಋಣ ಮೈಮೇಲಿರುವವನು ಬೇಡ ಅನ್ನುವುದು ಹೇಗೆ?

ಎರಡು ವರ್ಷಗಳಲ್ಲಿ ಅವರ ಮನಸ್ಸು ತಿರುಗಿತು. ಲೆಡ್‌ಬೀಟರ್ ಬಳಿ ತನ್ನ ಮಕ್ಕಳಿರುವುದು ಅವರಿಗೆ ಬೇಡವಾಗಿತ್ತು. ಗಂಭೀರ ಆರೋಪಗಳನ್ನೂ ಮಾಡಿದರು. 1912ರ ಕೊನೆಗೆ ಚೆಂಗಲ್ಪಟ್ಟು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಹೈಕೋರ್ಟಿಗೆ ವರ್ಗವಾಯಿತು. 1913ರ ಏಪ್ರಿಲ್ 15ರಂದು ನ್ಯಾಯಮೂರ್ತಿ ಬೇಕ್‌ವೆಲ್, ಅತಿ ಘೋರವಾದ ಆರೋಪವನ್ನು ಒಪ್ಪದಿದ್ದರೂ, ಮಕ್ಕಳನ್ನು ತಂದೆಗೆ ಮರಳಿಸಬೇಕು ಎಂದರು. ಅದೇ ವರ್ಷ ಮೇಲ್ಮನವಿಯಲ್ಲಿಯೂ ಬೆಸೆಂಟ್ ಸೋತರು. ಆಕೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೆಟ್ಟಿಲೇರಿದರು. 1914ರ ಮೇ ತಿಂಗಳಲ್ಲಿ ತೀರ್ಪು ಪೂರ್ತಿ ತಿರುವುಮುರುವಾಯಿತು. ಹುಡುಗರು ಇಂಗ್ಲೆಂಡಿನಲ್ಲಿರುವಾಗ ಚೆಂಗಲ್ಪಟ್ಟಿನ ನ್ಯಾಯಾಲಯಕ್ಕೆ ಅವರ ಮೇಲೆ ಅಧಿಕಾರವೇ ಇಲ್ಲ, ಅವರ ಪರವಾಗಿ ಯಾರೂ ಮಾತಾಡಲಿಲ್ಲ, ಅವರ ಇಷ್ಟವೇನೆಂದು ವಿಚಾರಿಸಲೂ ಇಲ್ಲ ಎಂಬುದು ಅದಕ್ಕೆ ಕಾರಣ.

ಆದರೆ ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನಮ್ಮ ನ್ಯಾಯಾಲಯಗಳು ಇಂದಿಗೂ ಎತ್ತಿ ಹೇಳುವ ಮಾತು. ತಂದೆಯ ಪೋಷಕತ್ವ ಒಂದು ಪವಿತ್ರ ಹೊಣೆ. ಬದುಕಿರುವಾಗ ಅದನ್ನು ಬೇರೊಬ್ಬರಿಗೆ ಶಾಶ್ವತವಾಗಿ ವರ್ಗಾಯಿಸಲು ಬರುವುದಿಲ್ಲ. ಸಾಕಲು, ಓದಿಸಲು ಒಪ್ಪಿಸಿದ್ದರೂ ಆ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಬಹುದು. ಮಗುವಿನ ಹಿತ ಅಡ್ಡ ಬಂದರೆ ಮಾತ್ರ ಅದಕ್ಕೆ ತಡೆ. ಹೀಗೆ ತತ್ತ್ವ ನಾರಾಯಣಯ್ಯನವರ ಪಾಲಿಗೆ ಬಂತು, ಮಕ್ಕಳು ಬೆಸೆಂಟರ ಪಾಲಿಗೆ ಉಳಿದರು. ಅಷ್ಟು ಹೊತ್ತಿಗೆ ಕೃಷ್ಣಮೂರ್ತಿಗೆ ಹತ್ತೊಂಬತ್ತು. ಮುಂದೆ ಅವರು ಜಗತ್ತಿಗೆಲ್ಲ ಇಂಗ್ಲಿಷಿನಲ್ಲಿ ಮಾತಾಡಿದರು. ಹುಟ್ಟುನುಡಿ ತೆಲುಗು ನಾಲಿಗೆಯಿಂದ ಜಾರಿಹೋಯಿತು. ನಿತ್ಯಾನಂದ 1925ರಲ್ಲಿ ಕ್ಷಯದಿಂದ ಅಮೆರಿಕೆಯ ಓಹಾಯ್‌ನಲ್ಲಿ ತೀರಿಕೊಂಡರು.

ಆ ತೆಲುಗಿನ ವಿಷಯ ನನ್ನನ್ನು ಬಿಟ್ಟಿಲ್ಲ. ಇಂಥ ಮೊಕದ್ದಮೆಗಳಲ್ಲಿ ಕಾಲವನ್ನು ಅಳೆಯಲು ವಾಯಿದೆಗಳ ಲೆಕ್ಕಕ್ಕಿಂತ ಮಗುವಿನ ನಾಲಿಗೆ ಒಳ್ಳೆಯ ಅಳತೆಗೋಲು. ದೊಡ್ಡವರು ಅಫಿಡವಿಟ್ಟು ಸಲ್ಲಿಸುತ್ತಿರುವಾಗ ಮಗು ಸುಮ್ಮನೆ ಕಾಯುತ್ತ ಕೂರುವುದಿಲ್ಲ. ಅದು ಮಾತು ಕಲಿಯುತ್ತದೆ, ಒಬ್ಬರನ್ನು ಅಮ್ಮ ಎಂದು ಕರೆಯತೊಡಗುತ್ತದೆ. ತಪ್ಪು ನಡೆಯುವುದು ಮಗು ಕೈ ಬದಲಾಗುವ ಮೊದಲ ಗಳಿಗೆಯಲ್ಲಿ, ನ್ಯಾಯಾಲಯ ಬರುವುದು ಕಟ್ಟಕಡೆಗೆ. ನಡುವಿನ ಆ ಕಾಲದಲ್ಲಿ ಸರಿಯಾದ ತೀರ್ಪು ಎಂಬುದೇ ಇಲ್ಲವಾಗಿಬಿಡುತ್ತದೆ ಎಂದು ನನಗೆ ಅನ್ನಿಸಿದೆ.

ಜಾತಕ ಕಥೆಗಳಲ್ಲಿ ಮಹೋಷಧ ಪಂಡಿತನ ಪ್ರಸಂಗ ಒಂದಿದೆ. ಯಕ್ಷಿಣಿಯೊಬ್ಬಳು ಮಗುವನ್ನು ಎತ್ತಿಕೊಂಡು ಹೋಗಿ ತನ್ನದೇ ಅನ್ನುತ್ತಾಳೆ. ಪಂಡಿತ ನೆಲದ ಮೇಲೆ ಗೆರೆ ಎಳೆದು, ಮಗುವನ್ನು ನಡುವೆ ಮಲಗಿಸಿ, ಇಬ್ಬರೂ ಎಳೆದುಕೊಳ್ಳಿ ಅನ್ನುತ್ತಾನೆ. ಮಗು ಅತ್ತಾಗ ಕೈ ಬಿಟ್ಟವಳೇ ತಾಯಿ. ಕಥೆ ಚೆಂದ, ಆದರೆ ಅಲ್ಲಿ ಒಬ್ಬಳು ಸುಳ್ಳಿ. ಇಂದಿನ ಕೋರ್ಟು ಹಾಲಿನಲ್ಲಿ ಆ ಗೆರೆಯ ಎರಡೂ ಬದಿಗೆ ನಿಂತವರು ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾರೆ. ಇಬ್ಬರೂ ರಾತ್ರಿ ನಿದ್ದೆಗೆಟ್ಟವರು, ಮಗು ಅತ್ತರೆ ಇಬ್ಬರೂ ಕೈ ಬಿಡುವವರು.

ನಮ್ಮ ಹಳೆಯ ದತ್ತಕದ ಕಾನೂನಿಗೆ ಮಗುವಿನ ಹಿತ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಪಿಂಡ ಇಡಲು, ಮನೆತನ ಮುಂದುವರಿಯಲು, ಆಸ್ತಿ ಉಳಿಯಲು ಒಬ್ಬ ಮಗ ಬೇಕಿತ್ತು. ಮದ್ರಾಸಿನಿಂದ ಪ್ರಿವಿ ಕೌನ್ಸಿಲ್‌ವರೆಗೆ ಹೋದ ದೊಡ್ಡ ದತ್ತಕ ವ್ಯಾಜ್ಯಗಳನ್ನು ನೋಡಿ. 1868ರ ರಾಮನಾಡು ಮೊಕದ್ದಮೆಯಲ್ಲಿ ವಿಧವೆ ದತ್ತು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ. 1899ರ ಬಾಲುಸು ಮೊಕದ್ದಮೆಯಲ್ಲಿ ಒಬ್ಬನೇ ಮಗನಿದ್ದರೆ ಅವನನ್ನು ದತ್ತು ಕೊಡಬಹುದೇ ಎಂಬ ಪ್ರಶ್ನೆ. ಎರಡರ ಬೇರೂ ಆಸ್ತಿ. ಮೈಸೂರಿನಲ್ಲಿಯೂ 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜರನ್ನು ದತ್ತು ಪಡೆದಾಗ ತೂಗುಯ್ಯಾಲೆಯಲ್ಲಿದ್ದದ್ದು ರಾಜ್ಯ.

ಆದರೂ ಆ ಹಳೆಯ ಶಾಸ್ತ್ರದಲ್ಲಿ ಒಂದು ಕಿಟಕಿ ತೆರೆದಿತ್ತು. ದ್ವ್ಯಾಮುಷ್ಯಾಯಣ ಎಂಬ ಪದ್ಧತಿಯಲ್ಲಿ, ಎರಡೂ ಮನೆಯವರು ಮೊದಲೇ ಒಪ್ಪಿಕೊಂಡರೆ, ಹುಡುಗ ಹೆತ್ತ ತಂದೆಗೂ ಪಡೆದ ತಂದೆಗೂ ಮಗನಾಗಿಯೇ ಉಳಿಯುತ್ತಿದ್ದ. ಮಲಬಾರಿನ ನಂಬೂದಿರಿಗಳಲ್ಲಿ, ಮುಂಬಯಿ ಪ್ರಾಂತದ ಕೆಲವೆಡೆ ಅದು ಬಳಕೆಯಲ್ಲಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಆ ಕಿಟಕಿಯನ್ನು ಮುಚ್ಚಿತು. ಅದರ 12ನೇ ಕಲಮಿನಂತೆ, ದತ್ತು ಹೋದ ದಿನದಿಂದ ಮಗು ಪಡೆದವರದ್ದೇ. ಹೆತ್ತ ಮನೆಯ ನಂಟು ಕಡಿದಂತೆ, ಮದುವೆಯ ನಿಷಿದ್ಧ ಸಂಬಂಧಗಳು ಮಾತ್ರ ಉಳಿಯುತ್ತವೆ. 15ನೇ ಕಲಮಿನಂತೆ, ಸಿಂಧುವಾದ ದತ್ತಕವನ್ನು ಯಾರೂ ರದ್ದು ಮಾಡಲು ಬರುವುದಿಲ್ಲ. ಮಗುವೂ ಒಲ್ಲೆ ಅನ್ನುವಂತಿಲ್ಲ. ಮಗುವಿಗೆ ನೆಲೆ ಕಾಣಿಸಲು ಮಾಡಿದ ಕಟ್ಟುಪಾಡು ಅದು; ಅದರ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಆದರೆ ಸಿಂಧುವಾದ ದತ್ತಕ ಎಂದರೆ ಯಾವುದು? ಜಗಳವೆಲ್ಲ ಆ ಎರಡು ಪದಗಳ ಒಳಗೆ ಸೇರಿಕೊಂಡಿತು.

ತಮಿಳುನಾಡಿನಲ್ಲಾಗಲಿ ನಮ್ಮಲ್ಲಾಗಲಿ ಇದು ಹೆಚ್ಚಾಗಿ ಮನೆಯೊಳಗಿನ ವ್ಯವಹಾರ. ಅಕ್ಕನಿಗೆ ಮಕ್ಕಳಾಗಲಿಲ್ಲ, ತಂಗಿಗೆ ಮೂರನೆಯದೂ ಹುಟ್ಟಿತು. ಅಜ್ಜಿ ಮಗುವನ್ನು ಎತ್ತಿ ಅಕ್ಕನ ಮಡಿಲಿಗೆ ಹಾಕಿದಳು. ಅರಿಶಿನ ಕುಂಕುಮ, ಒಂದು ಊಟ, ನಾಲ್ಕು ಫೋಟೊ. ಕಾಗದ ಯಾರಿಗೂ ನೆನಪಾಗುವುದಿಲ್ಲ. ಶಾಲೆಯ ದಾಖಲಾತಿಯಲ್ಲಿ ಸಾಕಿದವರ ಹೆಸರು, ರೇಷನ್ ಕಾರ್ಡಿನಲ್ಲೂ ಅದೇ. ಏಳೆಂಟು ವರ್ಷ ಕಳೆದ ಮೇಲೆ ಸಾಕಿದ ತಂದೆ ತೀರಿಕೊಂಡ, ಇಲ್ಲವೆ ಅಕ್ಕತಂಗಿಯರಿಗೆ ಮನಸ್ತಾಪವಾಯಿತು, ಇಲ್ಲವೆ ಹೆತ್ತವರ ಉಳಿದೊಂದು ಮಗು ಹೋಯಿತು ಅನ್ನಿ. ಆಗ ಹೇಬಿಯಸ್ ಕಾರ್ಪಸ್ ಅರ್ಜಿ. ಕಾಯ್ದೆಯ 11ನೇ ಕಲಮು ಕೇಳುವುದು ಕೊಟ್ಟು ಪಡೆಯುವ ಕ್ರಿಯೆ ನಿಜಕ್ಕೂ ನಡೆಯಿತೇ ಎಂದು. ದತ್ತ ಹೋಮ ಕಡ್ಡಾಯವಲ್ಲ. ನೋಂದಾಯಿತ ದತ್ತಕಪತ್ರವಿದ್ದರೆ ಅದು ನಡೆದಿದೆ ಎಂದೇ ನ್ಯಾಯಾಲಯ ಮೊದಲು ನಂಬುತ್ತದೆ. ಇಲ್ಲದಿದ್ದರೆ ಫೋಟೊದಲ್ಲಿ ಮಗು ಯಾರ ತೊಡೆಯ ಮೇಲಿತ್ತು ಎಂಬುದರ ಮೇಲೆ ಪಾಟಿ ಸವಾಲು ನಡೆಯುತ್ತದೆ. ಕಾಗದ ಮಾಡಿಸದ ಒಂದೇ ತಪ್ಪಿಗೆ ಮಗು ಇಷ್ಟನ್ನೂ ಕೇಳಿಸಿಕೊಳ್ಳುತ್ತ ಹೊರಗಿನ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ಮುಸ್ಲಿಂ, ಕ್ರೈಸ್ತ, ಪಾರ್ಸಿ ಕುಟುಂಬಗಳಿಗೆ ಬಹುಕಾಲ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯೊಂದೇ ದಾರಿಯಾಗಿತ್ತು. ಅದರಡಿ ಪೋಷಕರಾಗಬಹುದು, ಅಪ್ಪ ಅಮ್ಮ ಆಗುವಂತಿರಲಿಲ್ಲ. ಬಾಲನ್ಯಾಯ ಕಾಯ್ದೆ ಆ ಬಾಗಿಲನ್ನು ತೆರೆಯಿತು. 2014ರಲ್ಲಿ ಶಬನಂ ಹಾಶ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಯಾವ ಧರ್ಮದವರೂ ಆ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು ಸ್ಪಷ್ಟಪಡಿಸಿತು.

ಇನ್ನು ಪುಳಿಯಂತೋಪು. ಉತ್ತರ ಚೆನ್ನೈನ ಇಕ್ಕಟ್ಟಾದ, ದುಡಿಯುವ ಜನರ ಮೊಹಲ್ಲೆ. 1999ರ ಫೆಬ್ರವರಿಯಲ್ಲಿ ಅಲ್ಲಿ ನೀರಿನ ಪಂಪಿನ ಬಳಿ ಇದ್ದ ಪುಟ್ಟ ಹುಡುಗನೊಬ್ಬ ಕಣ್ಮರೆಯಾದ. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು. ಅವನನ್ನು ಹುಡುಕುವುದಕ್ಕೆಂದು ಪಿತ್ರಾರ್ಜಿತವಾಗಿ ಬಂದಿದ್ದ ಗುಡಿಸಲುಗಳನ್ನೂ ಮಾರಿದರು. ಅದೇ ವರ್ಷ ಚೆನ್ನೈನ ಇನ್ನೊಂದು ಬಡ ಕುಟುಂಬದ, ಒಂದೂವರೆ ವರ್ಷದ ಆಸುಪಾಸಿನ ಮಗು ರಾತ್ರಿ ಹೆತ್ತವರ ಪಕ್ಕದಲ್ಲಿ ಮಲಗಿದ್ದಂತೆಯೇ ಇಲ್ಲವಾಯಿತು. ಪೊಲೀಸರಿಗೆ ಇವು ಕಾಣೆಯಾದ ಮಕ್ಕಳ ಫೈಲುಗಳು.

ಆರು ವರ್ಷ ಕಳೆಯಿತು. 2005ರಲ್ಲಿ ಒಂದು ಬಾರಿನಲ್ಲಿ ಕುಡಿದ ಇಬ್ಬರು ಮಕ್ಕಳನ್ನು ಕದ್ದ ವಿಷಯ ಎತ್ತಿ ಜೋರಾಗಿ ಜಗಳವಾಡಿದರು. ಆ ಸುದ್ದಿ ಪೊಲೀಸರಿಗೆ ಮುಟ್ಟಿತು. ಹಿಡಿದು ವಿಚಾರಿಸಿದಾಗ ಎಳೆ ಹೋಗಿ ನಿಂತದ್ದು ನಗರದ ಹೊರವಲಯದ ತಿರುವೇರ್ಕಾಡಿನ ಮಲೇಷಿಯನ್ ಸೋಷಿಯಲ್ ಸರ್ವೀಸಸ್ ಎಂಬ ದತ್ತು ಸಂಸ್ಥೆಯಲ್ಲಿ. ಕದ್ದ ಮಕ್ಕಳನ್ನು ಸಂಸ್ಥೆ ಕೊಂಡುಕೊಂಡು, ಸುಳ್ಳು ಹೆಸರು, ಸುಳ್ಳು ತಾಯಿ, ಸುಳ್ಳು ಒಪ್ಪಿಗೆ ಪತ್ರ ಸೃಷ್ಟಿಸಿ ಹೊರದೇಶಕ್ಕೆ ಕಳಿಸಿತು ಎಂಬುದು ಪೊಲೀಸರ ಆರೋಪ. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ತನಿಖೆ ಸಿಬಿಐಗೆ ಹೋಯಿತು. ಅಮೆರಿಕದ ಪತ್ರಕರ್ತ ಸ್ಕಾಟ್ ಕಾರ್ನಿ ಇದರ ಬೆನ್ನು ಹತ್ತಿ 2009ರಲ್ಲಿ ಮದರ್ ಜೋನ್ಸ್ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಅವರ ಲೆಕ್ಕದ ಪ್ರಕಾರ ಆ ಸಂಸ್ಥೆ 1991ರಿಂದ 2003ರ ನಡುವೆ ಕನಿಷ್ಠ 165 ಮಕ್ಕಳನ್ನು, ಹೆಚ್ಚಾಗಿ ಅಮೆರಿಕ, ನೆದರ್ಲೆಂಡ್ಸ್, ಆಸ್ಟ್ರೇಲಿಯಾಗಳಿಗೆ, ದತ್ತು ಕಳಿಸಿತ್ತು. ಪುಳಿಯಂತೋಪಿನ ಹುಡುಗನಿಗೆ ಕಳ್ಳರಿಗೆ ಸಿಕ್ಕ ಬೆಲೆ 10,000 ರೂಪಾಯಿ. ಕಾಗದದ ಮೇಲೆ ಅವನ ಹೆಸರೂ ಧರ್ಮವೂ ಬದಲಾಗಿದ್ದವು.

ಕಾರ್ನಿ ಆ ಹುಡುಗ ಸೇರಿದ್ದ ಅಮೆರಿಕದ ಮನೆಯ ಬಾಗಿಲಿಗೇ ಹೋದರು. ಹುಡುಗ ಬೇಲಿಯ ಒಳಗೆ ಬೆಳೆದುನಿಂತಿದ್ದ, ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲದವನು. ಸಾಕಿದವರು ಕದ್ದವರಲ್ಲ. ಸರ್ಕಾರಗಳ ಮೊಹರಿದ್ದ ಕಾಗದ ನೋಡಿ, ಅನಾಥ ಮಗುವೆಂದು ನಂಬಿ, ಎದೆಗವಚಿಕೊಂಡವರು. ಚೆನ್ನೈನ ತಂದೆ ಕಾರ್ನಿಯ ಮೂಲಕ ಹೇಳಿಕಳಿಸಿದ್ದು ಮಗನನ್ನು ವಾಪಸು ಕಳಿಸಿ ಎಂದಲ್ಲ. ಅವನಿಗೆ ನಾವು ಇದ್ದೇವೆಂದು ತಿಳಿಯಲಿ, ಎರಡು ಮನೆಗಳ ನಡುವೆ ಸ್ನೇಹವಿರಲಿ ಎಂಬಷ್ಟೇ ಅವರ ಆಸೆಯಾಗಿತ್ತು. ಆ ಮಾತನ್ನು ಓದಿದಾಗ ನನಗೆ ದ್ವ್ಯಾಮುಷ್ಯಾಯಣ ನೆನಪಾಯಿತು. ಶಾಸ್ತ್ರ ಓದದ, ಬಣ್ಣ ಬಳಿದು ಬದುಕುವ ಮನುಷ್ಯ ತನ್ನ ಸಂಕಟದೊಳಗಿಂದಲೇ ಕಾನೂನು ಮುಚ್ಚಿದ ಕಿಟಕಿಯನ್ನು ಹುಡುಕಿ ತಟ್ಟಿದ್ದರು.

ಮಲಗಿದ್ದಲ್ಲಿಂದ ಹೋದ ಆ ಇನ್ನೊಂದು ಮಗು ನೆದರ್ಲೆಂಡ್ಸಿನ ಮನೆಯೊಂದರಲ್ಲಿ ಇದ್ದಾನೆ ಎಂದು ನಂಬಿದ ತಂದೆತಾಯಿ 2010ರಲ್ಲಿ ಅಲ್ಲಿಯ ನ್ಯಾಯಾಲಯದವರೆಗೆ ಹೋದರು. ಡಿಎನ್ಎ ಪರೀಕ್ಷೆ ಮಾಡಿಸಿ, ಅವನು ನಮ್ಮವನೇ ಎಂಬುದಾದರೂ ಗೊತ್ತಾಗಲಿ ಎಂದು ಕೇಳಿದರು. ಹನ್ನೆರಡು ವರ್ಷದ ಹುಡುಗನಿಗೆ ಅದು ಬೇಡವಾಗಿತ್ತು. ನ್ಯಾಯಾಲಯ ಅವನ ಮನಸ್ಸಿಗೆ ವಿರುದ್ಧವಾಗಿ ಒತ್ತಾಯಿಸಲು ಒಪ್ಪಲಿಲ್ಲ.

ಈ ತೀರ್ಪಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. 1914ರಲ್ಲಿ ಪ್ರಿವಿ ಕೌನ್ಸಿಲ್ ಎತ್ತಿದ್ದ ದೋಷ ಇಲ್ಲಿಲ್ಲ, ಮಗುವನ್ನು ಕೇಳಲಾಗಿದೆ. ಆ ಹುಡುಗನ ಮನೆ, ಶಾಲೆ, ಗೆಳೆಯರು, ಭಾಷೆ ಎಲ್ಲ ಅಲ್ಲಿಯೇ. ಅವನ ಮೈಗೆ ಸೂಜಿ ಚುಚ್ಚಲು ಅವನ ಒಪ್ಪಿಗೆ ಬೇಕೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಬೇಡ ಅಂದ ಆ ಮನಸ್ಸನ್ನು ಕಟ್ಟಿದ್ದು ಯಾವುದು? ಕಳ್ಳತನವಾದ ಮೇಲಿನ ಹತ್ತು ವರ್ಷ. ಅದರಲ್ಲಿ ಆರು ವರ್ಷ ಒಂದು ಬಡಾವಣೆಯ ಅಳಲಿಗೆ ಯಾರೂ ಕಿವಿಗೊಡದೆ ಕಳೆದದ್ದು. ಮಗುವಿನ ಹಿತವೆಂಬ ತತ್ತ್ವ ಎಷ್ಟೇ ದೊಡ್ಡದಾಗಿರಲಿ, ತಡ ಮಾಡಿದವರಿಗೇ ಅದು ಒದಗಿಬಂದರೆ ಬಡವರ ಮನೆಯ ಮಗು ಹೋದದ್ದು ಹೋಯಿತೆಂದೇ ಅರ್ಥ. ಶ್ರೀಮಂತರ ಮಗು ಕಾಣೆಯಾಗಿದ್ದರೆ ಆರು ವರ್ಷ ಬೇಕಾಗುತ್ತಿರಲಿಲ್ಲ.

ನಿಯಮಗಳಿರಲಿಲ್ಲವೇ? ಇದ್ದವು. ವಕೀಲ ಲಕ್ಷ್ಮೀಕಾಂತ್ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು, 1984ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಹೊರದೇಶದ ದತ್ತಕಕ್ಕೆ ವಿವರವಾದ ಕಟ್ಟಳೆಗಳನ್ನು ಹಾಕಿತ್ತು. ಹೆತ್ತವರಿಗೆ ತಿಳಿಯಹೇಳಿರಬೇಕು, ಆಮಿಷ ಒಡ್ಡಿರಬಾರದು, ಮನಸ್ಸು ಬದಲಿಸಲು ಕಾಲ ಕೊಟ್ಟಿರಬೇಕು, ಮೊದಲು ದೇಶದೊಳಗೇ ಮನೆ ಹುಡುಕಬೇಕು. 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ಕಾರಾ ಹುಟ್ಟಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಮೊಹರುಗಳು ಹೆಚ್ಚಿದವು. ಮೊಹರು ಹಾಕುವವರು ನೋಡುವುದು ಕಾಗದವನ್ನು. ತಾಯಿಯನ್ನು ಯಾರೂ ನೋಡಿರಲಿಲ್ಲ.

ಈಗಿನ 2015ರ ಬಾಲನ್ಯಾಯ ಕಾಯ್ದೆ ಆ ಬಿರುಕನ್ನು ಮುಚ್ಚಲು ಹೊರಟದ್ದು. ಮಗುವನ್ನು ಒಪ್ಪಿಸುವವರು ಮಕ್ಕಳ ಕಲ್ಯಾಣ ಸಮಿತಿಯ ಎದುರೇ ಬಂದು ಬರೆದುಕೊಡಬೇಕು, ಆಮೇಲೆ ಎರಡು ತಿಂಗಳು ಮನಸ್ಸು ಬದಲಿಸಲು ಅವಕಾಶ. ತೊರೆದು ಹೋದ ಮಗುವಾದರೆ ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕೂ ದೊಡ್ಡದಕ್ಕೆ ನಾಲ್ಕು ತಿಂಗಳೊಳಗೆ ದತ್ತಕಕ್ಕೆ ಮುಕ್ತ ಎಂದು ತೀರ್ಮಾನಿಸಬೇಕು. ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವ ಅಧಿಕಾರ ನ್ಯಾಯಾಲಯಗಳಿಂದ ಜಿಲ್ಲಾಧಿಕಾರಿಗಳಿಗೆ ಹೋಗಿದೆ. ಬೇಗ ಆಗಲಿ ಎಂಬುದು ಉದ್ದೇಶ. ನನಗೆ ಇಲ್ಲಿ ಒಂದು ಆತಂಕವಿದೆ. ಚುನಾವಣೆ, ಬರ, ನೆರೆ ಎಲ್ಲವನ್ನೂ ಹೊತ್ತ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಈ ಫೈಲು ಸಹಿಗೆ ಬರುವ ಹತ್ತರಲ್ಲಿ ಒಂದು. ಬೇಗ ಆಗಬೇಕಾದದ್ದು ಹುಡುಕಾಟ, ವಿಚಾರಣೆ. ಆ ಎರಡು ತಿಂಗಳಲ್ಲಿ ಹೆತ್ತವಳ ಬಳಿ ಯಾರಾದರೂ ಕೂತು, ಮಗುವನ್ನು ಇಟ್ಟುಕೊಳ್ಳಲು ನಿನಗೆ ಏನು ಬೇಕು ತಾಯಿ ಎಂದು ಕೇಳಿದರೇ ಎಂಬುದು ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.

ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಮಕ್ಕಳ ಯೋಜನೆಯನ್ನು ಆರಂಭಿಸಿತು. ಹೆಣ್ಣು ಹಸುಗೂಸುಗಳನ್ನು ಕೊಲ್ಲಬೇಡಿ, ಸರ್ಕಾರದ ತೊಟ್ಟಿಲಿಗೆ ಹಾಕಿ ಎಂಬ ಕರೆ. ಮುಂದೆ ನಮ್ಮ ಗಡಿಗೆ ತಾಗಿದ ಧರ್ಮಪುರಿಯಂಥ ಜಿಲ್ಲೆಗಳಿಗೂ ಅದು ಹರಡಿತು. ಅದು ಜೀವಗಳನ್ನು ಉಳಿಸಿತು. ಅದೇ ನಾಡಿನಲ್ಲಿ 2019ರ ಏಪ್ರಿಲ್‌ನಲ್ಲಿ, ನಾಮಕ್ಕಲ್ ಜಿಲ್ಲೆಯ ರಾಶಿಪುರದಲ್ಲಿ, ಬಣ್ಣ, ತೂಕ, ಗಂಡೋ ಹೆಣ್ಣೋ ನೋಡಿ ಹಸುಗೂಸುಗಳಿಗೆ ದರ ಹೇಳುತ್ತಿದ್ದ ನಿವೃತ್ತ ನರ್ಸ್ ಒಬ್ಬಳ ಫೋನ್ ಮಾತು ಬಯಲಾಗಿ ಬಂಧನಗಳಾದವು. ಬಡ ತಾಯಿಯ ಮುಂದೆ ತೊಟ್ಟಿಲೂ ಇದೆ, ತಕ್ಕಡಿಯೂ ಇದೆ. ಸಂತೆಗೆ ಹೋದ ಆ ಕೂಸುಗಳೇ ನಾಳಿನ ಮೊಕದ್ದಮೆಗಳು.

ಇನ್ನೊಂದು ಪ್ರಕರಣ ನಮ್ಮ ಬೆಂಗಳೂರಿನದು. 2020ರ ಮೇ ತಿಂಗಳಲ್ಲಿ, ಕೊರೊನಾದ ಮೊದಲ ಬೇಸಿಗೆಯಲ್ಲಿ, ಚಾಮರಾಜಪೇಟೆಯ ಪಾಲಿಕೆ ಆಸ್ಪತ್ರೆಯಲ್ಲಿ ಒಬ್ಬ ಮುಸ್ಲಿಂ ಮಹಿಳೆ ಹೆತ್ತ ಮಗು ಹಾಸಿಗೆಯಿಂದಲೇ ಕಳುವಾಯಿತು. ಒಂದು ವರ್ಷದ ಮೇಲೆ ಪೊಲೀಸರು ಮಗುವನ್ನು ಪತ್ತೆ ಹಚ್ಚಿದಾಗ ಅದು ಕೊಪ್ಪಳ ಕಡೆಯ ಹಿಂದೂ ದಂಪತಿಯ ಮನೆಯಲ್ಲಿತ್ತು. ನಿಮ್ಮದೇ ಮಗು, ಬಾಡಿಗೆ ತಾಯಿಯಿಂದ ಹುಟ್ಟಿದೆ ಎಂದು ನಂಬಿಸಿ, ಅವರಿಂದ ಲಕ್ಷಗಟ್ಟಲೆ ಹಣ ಪಡೆದು ಒಬ್ಬ ವೈದ್ಯೆ ಕೊಟ್ಟಿದ್ದಳು ಎಂದು ಪೊಲೀಸರು ಹೇಳಿದರು. ಸಾಕಿದವಳಿಗೆ ಅದು ತನ್ನ ಕರುಳ ಕುಡಿಯೇ.

ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ದೀಕ್ಷಿತರ ಮುಂದೆ 2021ರಲ್ಲಿ ಬಂತು. ಸಾಕಿದವಳ ಪರ ವಕೀಲರು ದೇವಕಿ, ಯಶೋದೆಯರನ್ನು ಕರೆತಂದರು. ಯಶೋದೆಯಿಂದ ದೇವಕಿ ಮಗುವಿಗಾಗಿ ಹೀಗೆ ಜಗಳವಾಡಿದಳೆಂದು ಯಾವ ಗ್ರಂಥದಲ್ಲಿದೆ ಎಂಬುದು ನ್ಯಾಯಮೂರ್ತಿಗಳ ಪ್ರಶ್ನೆಯಾಯಿತು. ಹೆತ್ತವಳಿಗೆ ಬೇರೆ ಮಕ್ಕಳಿದ್ದಾರೆ, ಇವಳಿಗೆ ಒಂದೂ ಇಲ್ಲ ಎಂಬ ವಾದಕ್ಕೆ, ಮಕ್ಕಳು ಇದ್ದವರಿಂದ ಇಲ್ಲದವರಿಗೆ ಹಂಚುವ ಚರ ಸ್ವತ್ತಲ್ಲ ಎಂಬ ಉತ್ತರ ಬಂತು. ಎದೆಹಾಲು ಕುಡಿಸುವುದು ತಾಯಿಯ ಹಕ್ಕು, ಕುಡಿಯುವುದು ಕೂಸಿನ ಹಕ್ಕು, ಎರಡೂ ಸಂವಿಧಾನದ 21ನೇ ವಿಧಿಯೊಳಗೇ ಇವೆ ಎಂದೂ ಅವರು ಬರೆದರು. ಆಮೇಲೆ ನಡೆದದ್ದು ಯಾವ ಆದೇಶದಿಂದಲೂ ಆಗುವಂಥದ್ದಲ್ಲ. ಸಾಕಿದವಳು ತಾನಾಗಿಯೇ ಮಗುವನ್ನು ಹೆತ್ತವಳ ಕೈಗಿಟ್ಟಳು. ಹೆತ್ತವಳು, ನೀವು ಯಾವಾಗ ಬೇಕಾದರೂ ಬಂದು ನೋಡಿಕೊಂಡು ಹೋಗಿ ಎಂದಳು. ಎರಡು ಧರ್ಮಗಳ ಹೆಣ್ಣುಮಕ್ಕಳ ಈ ನಡೆಯನ್ನು ನ್ಯಾಯಮೂರ್ತಿಗಳು ಅಪರೂಪದ್ದೆಂದು ಮೆಚ್ಚಿ ದಾಖಲಿಸಿದರು.

ಇಷ್ಟು ಆದದ್ದಕ್ಕೆ ಆ ಇಬ್ಬರ ದೊಡ್ಡ ಮನಸ್ಸು ಕಾರಣ. ಅದರ ಜೊತೆಗೆ ಮಗುವಿನ ವಯಸ್ಸೂ ಕಾರಣ ಎಂದು ನಾನು ಸೇರಿಸುತ್ತೇನೆ. ಅದಕ್ಕೆ ಆಗ ಒಂದು ವರ್ಷ ದಾಟಿತ್ತಷ್ಟೆ. ಅದರ ಬಾಯಲ್ಲಿ ಇನ್ನೂ ಮೊದಲ ತೊದಲು. ಕೊಪ್ಪಳದ ಕನ್ನಡವೂ ನೆಲೆಯಾಗಿರಲಿಲ್ಲ. ಪುಳಿಯಂತೋಪಿಗೆ ಹತ್ತು ವರ್ಷದಲ್ಲಿ ಸಿಗದ ಅವಕಾಶ ಬೆಂಗಳೂರಿಗೆ ಒಂದೇ ವರ್ಷದಲ್ಲಿ ಸಿಕ್ಕಿತು, ಪ್ರಕರಣವನ್ನು ಯಾರೋ ಮುಚ್ಚದೆ ಬೆನ್ನತ್ತಿದ್ದರಿಂದ.

ಅದೇ 2021ರ ನವೆಂಬರ್‌ನಲ್ಲಿ ತಿರುವನಂತಪುರದಲ್ಲಿಯೂ ಒಬ್ಬ ತರುಣಿ ಬೀದಿಯಲ್ಲಿ ಕೂತು ಮಗುವನ್ನು ಮರಳಿ ಪಡೆದಳು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತನ್ನ ತಂದೆತಾಯಿಯೇ ಮಗುವನ್ನು ತೆಗೆದುಕೊಂಡು ಹೋಗಿ ಸರ್ಕಾರಿ ಬೆಂಬಲದ ಮಂಡಳಿಗೆ ಒಪ್ಪಿಸಿದರು ಎಂಬುದು ಅವಳ ದೂರು. ಮಗು ಆಂಧ್ರದ ದಂಪತಿಯ ಮನೆ ಸೇರಿತ್ತು, ದತ್ತಕ ಇನ್ನೂ ಅಂತಿಮವಾಗಿರಲಿಲ್ಲ. ಡಿಎನ್ಎ ಹೊಂದಿದ ಮೇಲೆ ಕೌಟುಂಬಿಕ ನ್ಯಾಯಾಲಯ ಮಗುವನ್ನು ಅವಳಿಗೆ ಕೊಟ್ಟಿತು. ಅವಳ ಗೆಲುವು ನ್ಯಾಯವಾದದ್ದೇ. ಆದರೆ ಆಂಧ್ರದ ಆ ಮನೆಯನ್ನೂ ನಾವು ನೆನೆಯಬೇಕು. ನಿಯಮದಂತೆ ಸರದಿಯಲ್ಲಿ ಕಾದು, ಯಾವ ತಪ್ಪನ್ನೂ ಮಾಡದೆ, ತೊಟ್ಟಿಲು ಖಾಲಿ ಮಾಡಿಕೊಟ್ಟವರು ಅವರು. ಇಂಥವರ ಶೋಕಕ್ಕೆ ನಮ್ಮಲ್ಲಿ ಹೆಸರಿಲ್ಲ, ಸೂತಕವೂ ಇಲ್ಲ.

ಹೊರಗಿನ ದೇಶಗಳೂ ಇದರಲ್ಲಿ ಬೆಂದಿವೆ. ಅಮೆರಿಕದ ಐಯೊವಾದಲ್ಲಿ 1991ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನ ತಂದೆಯ ಹೆಸರನ್ನು ತಾಯಿ ತಪ್ಪಾಗಿ ಹೇಳಿದ್ದಳು. ನಿಜವಾದ ತಂದೆಯ ಒಪ್ಪಿಗೆ ಇರಲಿಲ್ಲವೆಂಬ ಕಾರಣಕ್ಕೆ, ಎರಡೂವರೆ ವರ್ಷ ಸಾಕಿದ ಮಿಷಿಗನ್ನಿನ ದಂಪತಿಯಿಂದ 1993ರ ಆಗಸ್ಟ್‌ನಲ್ಲಿ ಅದನ್ನು ಬಿಡಿಸಿ ಒಯ್ದಾಗ ಇಡೀ ದೇಶ ಟೀವಿಯಲ್ಲಿ ಅಳು ಕೇಳಿತು. ಅಷ್ಟರಲ್ಲಾಗಲೇ, 1973ರಲ್ಲಿ, ಗೋಲ್ಡ್‌ಸ್ಟೈನ್, ಅನ್ನಾ ಫ್ರಾಯ್ಡ್, ಸೋಲ್ನಿಟ್ ಎಂಬ ಮೂವರು, ದಿನದಿನದ ಆರೈಕೆಯಿಂದ ಮಗುವಿನ ಮನಸ್ಸಿಗೆ ತಂದೆತಾಯಿಯಾದವರನ್ನು ಕಾನೂನು ಕಡೆಗಣಿಸಬಾರದು, ಮಗುವಿನ ಕಾಲ ದೊಡ್ಡವರ ಕಾಲದಂತಲ್ಲ ಎಂದು ವಾದಿಸಿದ್ದರು. ಅರ್ಜೆಂಟೀನದ ಅಜ್ಜಿಯರು ಇದಕ್ಕೆ ಇನ್ನೊಂದು ಮುಖ ತೋರಿಸಿದರು. ಸೇನಾ ಆಡಳಿತ ಕೊಂದ ತಾಯಂದಿರ ಮಕ್ಕಳನ್ನು ಅವರು 1977ರಿಂದ ಹುಡುಕುತ್ತಿದ್ದಾರೆ. ರಕ್ತದ ಗುರುತಿನಿಂದ 130ಕ್ಕೂ ಹೆಚ್ಚು ಮೊಮ್ಮಕ್ಕಳು ಸಿಕ್ಕಿದ್ದಾರೆ. ಸಿಕ್ಕವರಲ್ಲಿ ಎಷ್ಟೋ ಜನ ನಡುವಯಸ್ಸಿನವರು, ಮರಳಿ ಬಂದದ್ದು ತೊಟ್ಟಿಲಿಗಲ್ಲ, ತಮ್ಮ ನಿಜವಾದ ಹೆಸರಿಗೆ. ನೆದರ್ಲೆಂಡ್ಸ್ 2021ರ ಫೆಬ್ರವರಿಯಲ್ಲಿ, ಹಳೆಯ ದತ್ತಕಗಳಲ್ಲಿನ ಅಕ್ರಮಗಳ ಬಗ್ಗೆ ತಾನೇ ನೇಮಿಸಿದ ಸಮಿತಿಯ ವರದಿ ಓದಿ, ಹೊರದೇಶದಿಂದ ಹೊಸ ದತ್ತಕಗಳನ್ನು ನಿಲ್ಲಿಸಿತು. ಚೆನ್ನೈನ ತಂದೆತಾಯಿ ಅಲ್ಲಿಯ ನ್ಯಾಯಾಲಯದಿಂದ ಬರಿಗೈಯಲ್ಲಿ ಮರಳಿ ಹನ್ನೊಂದು ವರ್ಷವಾಗಿತ್ತು.

1890ರ ಕಾಯ್ದೆಯ 17ನೇ ಕಲಮು, ಅರಿವು ಬಂದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎನ್ನುತ್ತದೆ. ಒಳ್ಳೆಯ ನ್ಯಾಯಾಧೀಶರು ಮಗುವನ್ನು ಕೋಣೆಗೆ ಕರೆದು, ಚಾಕಲೇಟು ಕೊಟ್ಟು, ಸಮಾಧಾನದಿಂದ ಮಾತಾಡಿಸುವುದುಂಟು. ಆದರೆ ಎಂಟು ವರ್ಷದ ಮಗುವನ್ನು ಯಾರ ಜೊತೆ ಇರುತ್ತೀ ಪುಟ್ಟ ಎಂದು ಕೇಳುವುದು, ಇಬ್ಬರಲ್ಲಿ ಯಾರ ಎದೆ ಒಡೆಯುತ್ತೀ ಎಂದು ಕೇಳಿದಂತೆಯೇ. ಮಗುವನ್ನು ಕೇಳಬೇಕಾದದ್ದು ನಿಜ. ಆ ಪ್ರಶ್ನೆ ಏಳದಂತೆ ಆಸ್ಪತ್ರೆಯ ಹಾಸಿಗೆಯ ಬಳಿ, ಸಮಿತಿಯ ಮೇಜಿನ ಬಳಿ, ಅಜ್ಜಿಯ ಜಗಲಿಯ ಬಳಿ ಮಾಡಬೇಕಾದ ಕೆಲಸ ಅದಕ್ಕಿಂತ ಮೊದಲಿನದು. 2025ರ ಏಪ್ರಿಲ್‌ನಲ್ಲಿ, ಉತ್ತರ ಪ್ರದೇಶದ ಮಕ್ಕಳ ಮಾರಾಟದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಯಾವುದೇ ಆಸ್ಪತ್ರೆಯಿಂದ ನವಜಾತ ಶಿಶು ಕಳ್ಳಸಾಗಣೆಯಾದರೆ ಮೊದಲು ಅದರ ಪರವಾನಗಿ ಅಮಾನತಾಗಬೇಕು, ಇಂಥ ವಿಚಾರಣೆಗಳು ಆರು ತಿಂಗಳಲ್ಲಿ ಮುಗಿಯಬೇಕು ಎಂದಿತು. ನಾನು ಓದಿದ ಆದೇಶಗಳಲ್ಲಿ ಮೊದಲ ಗಳಿಗೆಯ ಕಡೆಗೆ ನೇರವಾಗಿ ಕಣ್ಣು ಹಾಯಿಸಿದ್ದು ಇದು. ಜಾರಿಯಾಗುತ್ತದೆಯೇ ಎಂಬುದನ್ನು ಪ್ರತಿ ಜಿಲ್ಲೆಯಲ್ಲೂ ಯಾರಾದರೂ ಕಾದು ನೋಡಬೇಕು.

ಪುಳಿಯಂತೋಪಿನ ಕಾಲದ ಆ ಮಕ್ಕಳು ಈಗ ಮೂವತ್ತರ ಸಮೀಪದ ಗಂಡಸರು. ಯಾವ ನ್ಯಾಯಾಲಯವೂ ಇನ್ನು ಅವರನ್ನು ಯಾರ ವಶಕ್ಕೂ ಕೊಡುವಂತಿಲ್ಲ. ದತ್ತು ಹೋದವರು ವಯಸ್ಕರಾದ ಮೇಲೆ ತಮ್ಮ ಬೇರು ಹುಡುಕಲು ಕಾರಾದ ಈಗಿನ ನಿಯಮಗಳಲ್ಲಿ ಅವಕಾಶವಿದೆ. ಬರುವುದಾದರೆ ಅವರಾಗಿಯೇ ಬರಬೇಕು. ಬಂದ ದಿನ ಅಮ್ಮನ ಎದುರು ಕೂತು ಮಾತಾಡಲು, ಇಬ್ಬರ ನಡುವೆ ತಮಿಳು ಬಲ್ಲ ಮೂರನೆಯವರೊಬ್ಬರು ಕೂರಬೇಕಾಗುತ್ತದೆ.